ಸಾಹೇಬರೇ, ಇದು ನೀವೇನಾ?

2024ರ ಜನವರಿ. ಹಾಂಗ್‌ಕಾಂಗಿನ ಕಚೇರಿಯೊಂದರಲ್ಲಿ ಹಣಕಾಸು ವಿಭಾಗದ ಸಿಬ್ಬಂದಿಯೊಬ್ಬರಿಗೆ ಬ್ರಿಟನ್ನಿನಲ್ಲಿರುವ ಹಣಕಾಸು ಮುಖ್ಯಸ್ಥರ ಹೆಸರಿನಲ್ಲಿ ಸಂದೇಶ ಬಂತು. ಗುಟ್ಟಿನ ವ್ಯವಹಾರವೊಂದಿದೆ, ಹಣ ಕಳಿಸಬೇಕು ಎಂದಿತ್ತು. ಅವರಿಗೆ ಅನುಮಾನ ಬಂತು. ಆಮೇಲೆ ವಿಡಿಯೊ ಮೀಟಿಂಗ್ ನಡೆಯಿತು. ಪರದೆಯ ಮೇಲೆ ಮುಖ್ಯಸ್ಥರೇ ಕೂತಿದ್ದರು, ಜೊತೆಗೆ ಗುರುತಿನ ಸಹೋದ್ಯೋಗಿಗಳೂ ಇದ್ದರು. ಅನುಮಾನ ಕರಗಿತು. 15 ಕಂತುಗಳಲ್ಲಿ, ಐದು ಬ್ಯಾಂಕ್ ಖಾತೆಗಳಿಗೆ, 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೊರಟುಹೋಯಿತು. ನಮ್ಮ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಮಿಗಿಲು. ಮುಖ್ಯ ಕಚೇರಿಯನ್ನು ವಿಚಾರಿಸಿದಾಗಲಷ್ಟೇ ಗೊತ್ತಾಯಿತು, ಆ ಮೀಟಿಂಗಿನಲ್ಲಿ ನಿಜವಾಗಿ ಇದ್ದವರು ಅವರೊಬ್ಬರೇ. ಮಿಕ್ಕವರೆಲ್ಲ ಕೃತಕ ಬುದ್ಧಿಮತ್ತೆ ಹೆಣೆದ ಮುಖಗಳು, ದನಿಗಳು.

ಮೋಸಹೋದದ್ದು ಅರೂಪ್. ಸಿಡ್ನಿಯ ಒಪೇರಾ ಹೌಸ್ ಎದ್ದುನಿಲ್ಲುವಂತೆ ಮಾಡಿದ ಎಂಜಿನಿಯರಿಂಗ್ ಸಂಸ್ಥೆ. ತನ್ನ ಒಳಗಿನ ಯಾವ ಕಂಪ್ಯೂಟರ್ ವ್ಯವಸ್ಥೆಗೂ ಕನ್ನ ಬಿದ್ದಿಲ್ಲ ಎಂದು ಸಂಸ್ಥೆ ಆಮೇಲೆ ಹೇಳಿತು. ಅದು ನಿಜವೇ. ಬೀಗ ಒಡೆದಿರಲಿಲ್ಲ, ಒಳಗಿನವರೇ ನಂಬಿ ಬಾಗಿಲು ತೆರೆದಿದ್ದರು.

ಪೊಲೀಸರು ಕೊಟ್ಟ ಒಂದು ವಿವರ ನನ್ನನ್ನು ಬಿಡದೆ ಕಾಡುತ್ತದೆ. ಆ ವಿಡಿಯೊಗಳನ್ನು ಮುಂಚೆಯೇ ಮಾಡಿಟ್ಟುಕೊಂಡಿದ್ದರಂತೆ. ಪರದೆಯ ಮೇಲಿದ್ದ ಮುಖಗಳು ಆದೇಶ ಕೊಡಬಲ್ಲವು, ಎದುರಿನವರ ಪ್ರಶ್ನೆಗೆ ಉತ್ತರಿಸಲಾರವು. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಆ ನಾಟಕ ಅಲ್ಲಿಗೇ ಮುರಿದುಬೀಳುತ್ತಿತ್ತೋ ಏನೋ. ಕೇಳಲಿಲ್ಲವೆಂದು ಆ ನೌಕರರನ್ನು ದೂರಲು ನನಗೆ ಮನಸ್ಸಿಲ್ಲ. ಮೇಲಿನವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಶಾಲೆಯಿಂದ ಆಫೀಸಿನವರೆಗೆ ಕಲಿಸಿದವರು ನಾವೇ ಅಲ್ಲವೆ?

ಅಲ್ಲಿಂದ ಎಂಟು ವರ್ಷ ಹಿಂದಕ್ಕೆ ಹೋಗೋಣ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರುಗಳಿಗೆ ನುಗ್ಗಿದ ಕಳ್ಳರು ನ್ಯೂಯಾರ್ಕಿನಲ್ಲಿದ್ದ ಅದರ ಖಾತೆಯಿಂದ ಸುಮಾರು 95 ಕೋಟಿ ಡಾಲರ್ ಎತ್ತಲು ಆದೇಶಗಳನ್ನು ಕಳಿಸಿದ್ದರು. 8.1 ಕೋಟಿ ಡಾಲರ್ ಫಿಲಿಪ್ಪೀನ್ಸಿಗೆ ಹೋಗಿಯೇಬಿಟ್ಟಿತು. ಶ್ರೀಲಂಕಾಕ್ಕೆ ಹೊರಟಿದ್ದ ಎರಡು ಕೋಟಿ ಡಾಲರ್ ಉಳಿದದ್ದು ಒಂದು ಕಾಗುಣಿತದ ತಪ್ಪಿನಿಂದ. ಹಣ ಪಡೆಯಬೇಕಿದ್ದ ಸಂಸ್ಥೆಯ ಹೆಸರಿನಲ್ಲಿ ‘ಫೌಂಡೇಶನ್’ ಎಂದಿರಬೇಕಾದಲ್ಲಿ ‘ಫ್ಯಾಂಡೇಶನ್’ ಎಂದಿತ್ತು. ನಡುವಿನ ಬ್ಯಾಂಕಿಗೆ ಸಂಶಯ ಬಂದು ವಿಚಾರಿಸಿತು.

ತಪ್ಪು ಇಂಗ್ಲಿಷ್ ಕಂಡರೆ ಎಚ್ಚರವಾಗಿರಿ ಎಂದು ಎಷ್ಟೋ ವರ್ಷಗಳಿಂದ ನೌಕರರಿಗೆ ಪಾಠ ಹೇಳುತ್ತ ಬಂದಿದ್ದೇವೆ. ಆ ಪಾಠದ ಕಾಲ ಮುಗಿಯಿತು. ಎಐ ಬರೆಯುವ ಪತ್ರದಲ್ಲಿ ಕಾಗುಣಿತ ತಪ್ಪುವುದಿಲ್ಲ. ಸ್ವಲ್ಪ ಹೊತ್ತಿನ ರೆಕಾರ್ಡಿಂಗ್ ಸಿಕ್ಕಿದರೂ ದನಿಯನ್ನು ಅನುಕರಿಸುತ್ತದೆ. ಕಂಪನಿಯ ಮುಖ್ಯಸ್ಥರ ದನಿಯಂತೂ ಭಾಷಣ, ಸಂದರ್ಶನಗಳ ರೂಪದಲ್ಲಿ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತದೆ. ತಮ್ಮ ಹೆಸರಿನ ನಕಲಿ ವಿಡಿಯೊಗಳನ್ನು ನಂಬಬೇಡಿ ಎಂದು ಇನ್ಫೊಸಿಸ್ಸಿನ ನಾರಾಯಣ ಮೂರ್ತಿಯವರೇ 2023ರ ಡಿಸೆಂಬರಿನಲ್ಲಿ ಸಾರ್ವಜನಿಕವಾಗಿ ಹೇಳಬೇಕಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಮಾತನ್ನು ಇನ್ನು ಅಕ್ಷರಶಃ ಪಾಲಿಸಬೇಕು.

ಎಐ ಅಪಾಯವೆಂದ ಕೂಡಲೇ ಆಡಳಿತ ಮಂಡಳಿಗಳು ಎಐ ರಕ್ಷಣೆ ಮಾರುವವರನ್ನು ಕರೆಸುತ್ತವೆ. ಕರೆಸಲಿ. ದಿನಕ್ಕೆ ಲಕ್ಷಗಟ್ಟಲೆ ಬರುವ ಲಾಗಿನ್ ದಾಖಲೆಗಳನ್ನು ಮನುಷ್ಯರು ಓದಲಾರರು. ನಡುರಾತ್ರಿ ಎಲ್ಲಿಂದಲೋ ಯಾರೋ ಒಳಬಂದದ್ದನ್ನು ಹಿಡಿಯಲು ಯಂತ್ರವೇ ಬೇಕು. ಆದರೆ ಹಾಂಗ್‌ಕಾಂಗಿನಲ್ಲಿ ಆ ಯಂತ್ರ ಏನನ್ನು ಹಿಡಿಯುತ್ತಿತ್ತು? ಹಣ ಕಳಿಸುವ ಅಧಿಕಾರ ಇದ್ದವರೇ, ತಮ್ಮದೇ ಪಾಸ್‌ವರ್ಡಿನಿಂದ, ತಮ್ಮ ಕೆಲಸವೆಂದು ತಿಳಿದೇ ಕಳಿಸಿದ್ದರು.

ಅದೇ 2024ರ ಜುಲೈನಲ್ಲಿ ಇಟಲಿಯ ಫೆರಾರಿ ಕಾರು ಕಂಪನಿಯಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮುಖ್ಯಸ್ಥ ಬೆನೆಡೆಟ್ಟೊ ವಿನ್ಯಾ ಅವರ ಫೋಟೊ ಇದ್ದ, ಗುರುತಿಲ್ಲದ ನಂಬರಿನಿಂದ ಅಧಿಕಾರಿಯೊಬ್ಬರಿಗೆ ವಾಟ್ಸ್ಆ್ಯಪ್ ಸಂದೇಶಗಳು ಬಂದವು. ಹಿಂದೆಯೇ ಕರೆ ಬಂತು. ಅದೇ ದನಿ, ಅದೇ ದಕ್ಷಿಣ ಇಟಲಿಯ ಉಚ್ಚಾರ. ಇಲ್ಲೂ ವ್ಯವಹಾರ ಗುಟ್ಟಿನದೇ. ದನಿಯಲ್ಲಿ ಏನೋ ಯಾಂತ್ರಿಕವಾದ ಎಳೆ ಕೇಳಿಸಿದಂತಾಗಿ ಅಧಿಕಾರಿ ಕೇಳಿದರು: ಮೊನ್ನೆ ನೀವು ನನಗೆ ಓದಲು ಹೇಳಿದ ಪುಸ್ತಕ ಯಾವುದು? ಆ ಕಡೆಯಿಂದ ಕರೆ ಕಡಿಯಿತು.

ಆ ಅಧಿಕಾರಿಯ ಚುರುಕುತನವನ್ನು ಎಲ್ಲರೂ ಹೊಗಳಿದರು. ನನ್ನ ಗಮನ ಹೋದದ್ದು ಇನ್ನೊಂದರ ಕಡೆಗೆ. ಮುಖ್ಯಸ್ಥರನ್ನೇ ಹಾಗೆ ಪರೀಕ್ಷಿಸುವ ಧೈರ್ಯ ಅವರಿಗಿತ್ತು. ದನಿ ನಿಜವಾಗಿಯೂ ವಿನ್ಯಾ ಅವರದೇ ಆಗಿದ್ದರೂ ನನ್ನ ಕೆಲಸಕ್ಕೆ ಕುತ್ತಿಲ್ಲ ಎಂಬ ನಂಬಿಕೆ ಇರದೆ ಅಂಥ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಉದ್ಯಮಿಗಳು ಮಾಡಿಕೊಳ್ಳಬೇಕಾದ ಮೊದಲ ಸಿದ್ಧತೆ ಈ ನಂಬಿಕೆಯನ್ನು ಹುಟ್ಟಿಸುವುದು, ಮತ್ತು ಇದನ್ನು ಐಟಿ ವಿಭಾಗಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಲಾಗದು. ಎಂ.ಡಿ. ಸ್ವತಃ ಬರೆದು, ಸಹಿ ಹಾಕಿ, ಎಲ್ಲರಿಗೂ ಹಂಚಬೇಕು: ನನ್ನ ಹೆಸರಿನಲ್ಲಿ ಯಾರೇ ಹಣ ಕೇಳಿದರೂ ಕರೆ ಕಡಿಯಿರಿ. ನಿಮ್ಮ ಬಳಿ ಮೊದಲೇ ಇರುವ ನಂಬರಿಗೆ ನೀವೇ ಕರೆ ಮಾಡಿ ಕೇಳಿ. ನಾನು ಸಿಗದಿದ್ದರೆ ಹಣ ನಿಲ್ಲಲಿ. ತಡವಾಗಿ ನಷ್ಟವಾದರೆ ಅದು ನನ್ನ ಹೊಣೆ. ನಮ್ಮಲ್ಲಿ ಒಬ್ಬರೇ ಗುಟ್ಟಾಗಿ ಮಾಡುವ ಪಾವತಿ ಇಲ್ಲ.

ಬೆಂಗಳೂರಿಗೆ ಈ ಪತ್ರ ಹೆಚ್ಚು ಅಗತ್ಯ. ಹೊರದೇಶದ ಕಂಪನಿಗಳ ಲೆಕ್ಕಪತ್ರ, ಬಿಲ್ ಪಾವತಿಯ ಕೆಲಸ ನಮ್ಮ ಹೊರವರ್ತುಲ ರಸ್ತೆಯ ಕಟ್ಟಡಗಳಲ್ಲಿ ಹಗಲಿರುಳು ನಡೆಯುತ್ತದೆ. ಅಲ್ಲಿನ ಎಷ್ಟೋ ಹುಡುಗರು ತಮ್ಮ ಬಾಸನ್ನು ಕಂಡಿರುವುದೇ ಪರದೆಯ ಮೇಲೆ. ಪೀಣ್ಯದ ಸಣ್ಣ ಕಾರ್ಖಾನೆಗೆ ಬರುವ ಕಾಟ ಬೇರೆ ಬಗೆಯದು. ಕಚ್ಚಾ ಮಾಲು ಕೊಡುವವರ ಹೆಸರಿನಲ್ಲಿ, ಅವರದೇ ಧಾಟಿಯಲ್ಲಿ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇಮೇಲ್ ಬರುತ್ತದೆ. ಅದಕ್ಕೂ ಮದ್ದು ಅದೇ. ಹಳೆಯ ನಂಬರಿಗೆ ಒಂದು ಫೋನು, ಇಬ್ಬರ ಸಹಿ. ಖರ್ಚೇನೂ ಇಲ್ಲ.

ಮಾಹಿತಿ ಒಳಗಿನಿಂದ ಸೋರುವುದೂ ಇದೆ. 2023ರಲ್ಲಿ ಸ್ಯಾಮ್‌ಸಂಗ್ ನೌಕರರು ಕೆಲಸ ಹಗುರಾಗಲೆಂದು ಕಂಪನಿಯ ಗೋಪ್ಯ ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದರು. ಕಂಪನಿ ಅಂಥ ಸಾಧನಗಳನ್ನೇ ನಿಷೇಧಿಸಿತು. ನಿಷೇಧಿಸಿದರೆ ಜನ ತಮ್ಮ ಸ್ವಂತ ಮೊಬೈಲಿನಲ್ಲಿ ಬಳಸುತ್ತಾರೆ. ಏನನ್ನು ಹಾಕಬಹುದು, ಏನನ್ನು ಹಾಕಬಾರದು ಎಂದು ತಿಳಿಸಿ, ನಂಬಬಹುದಾದ ಸಾಧನವೊಂದನ್ನು ಕಂಪನಿಯೇ ಕೊಡುವುದು ಮೇಲು.

ಕಾನೂನಿನ ಮಾತಿಗೆ ಬಂದರೆ, ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ನಿರ್ದೇಶನ ಹೇಳುತ್ತದೆ. ಜನರ ವೈಯಕ್ತಿಕ ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬೇಗ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಆಸೆ ಹೆಚ್ಚು. ಆದರೆ ಬೈಗುಳಕ್ಕೆ ಹೆದರಿದ ನೌಕರ ತಪ್ಪನ್ನು ಒಂದು ರಾತ್ರಿ ಮುಚ್ಚಿಟ್ಟುಕೊಂಡರೆ ಆ ಆರು ಗಂಟೆಯೂ ಹೋಯಿತು, ಹಣವೂ ಹೋಯಿತು.

ಪತ್ರ ಹಂಚಿದ ತಿಂಗಳೊಳಗೆ ತಾಲೀಮೂ ಆಗಲಿ. ಯಜಮಾನರು ಮುಂಚೆ ಹೇಳದೆ ತಮ್ಮದೇ ದನಿಯ ನಕಲು ಮಾಡಿಸಿ, ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ತಮ್ಮ ಅಕೌಂಟ್ಸ್ ವಿಭಾಗಕ್ಕೆ ಕರೆ ಮಾಡಿಸಲಿ. ಮೋಸಹೋದವರ ಹೆಸರು ಹೊರಗೆ ಬರಬಾರದು. ಯಾರು ಆ ಕರೆ ಕಡಿದು, ಸಾಹೇಬರ ಹಳೆಯ ನಂಬರಿಗೆ ಫೋನ್ ಮಾಡಿ, ‘ಸರ್, ಈಗ ಮಾತಾಡಿದ್ದು ನೀವೇನಾ?’ ಎಂದು ಕೇಳುತ್ತಾರೋ ಅವರ ಮೇಜಿನ ಬಳಿಗೆ ಸೋಮವಾರ ಬೆಳಿಗ್ಗೆ ಯಜಮಾನರೇ ನಡೆದುಹೋಗಿ, ಎಲ್ಲರ ಎದುರಿಗೆ ಥ್ಯಾಂಕ್ಸ್ ಹೇಳಲಿ.