ಜೋಳಿಗೆಗೆ ಬೀಳದ ಹೊಸ ವಿಷ



ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿಗೆ ವ್ಯಸನಮುಕ್ತ ದಿನ. ಆದರೆ ಸಾರಾಯಿ, ತಂಬಾಕಿಗೆ ಹೆಸರಿತ್ತು. ಈಗಿನ ಕೃತಕ ಮಾದಕ ಏನೆಂಬುದು ಸೇವಿಸುವವನಿಗೇ ತಿಳಿಯದು.

ಜೆಡಬ್ಲ್ಯೂಎಚ್-018 ಎಂಬುದನ್ನೇ ನೋಡಿ. ಅಮೆರಿಕದ ರಸಾಯನಶಾಸ್ತ್ರಜ್ಞ ಜಾನ್ ಹಫ್‌ಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆಗೆಂದು ಹುಟ್ಟಿದ ವಸ್ತುವಿದು. 2008ರಲ್ಲಿ ಜರ್ಮನಿಯಲ್ಲಿ ‘ಸ್ಪೈಸ್’ ಎಂಬ ಸೊಪ್ಪಿನ ಪೊಟ್ಟಣದಲ್ಲಿ ಪತ್ತೆಯಾಯಿತು. ಗಾಂಜಾದ ಮತ್ತಿನ ಅಂಶ ಮೆದುಳಿನ ಗ್ರಾಹಕಗಳನ್ನು ಅರೆಬರೆ ಕೆರಳಿಸಿದರೆ, ಇದು ಪೂರ್ತಿ ಕೆರಳಿಸುತ್ತದೆ. ಫಿಟ್ಸ್, ಭ್ರಮೆ, ಒಮ್ಮೊಮ್ಮೆ ಸಾವು ಅದರ ಫಲ. ಒಂದನ್ನು ನಿಷೇಧಿಸಿದರೆ ಅಣುರಚನೆ ತುಸು ಬದಲಿಸಿ ಇನ್ನೊಂದನ್ನು ಮಾರುತ್ತಾರೆ.

ಎಂಜಿನಿಯರನಾಗಿ ನನ್ನನ್ನು ಹೆದರಿಸುವುದು ಇದರ ಬೆರಕೆ. ಸರಿಯಾಗಿ ಕಲಸದ ಕಾಂಕ್ರೀಟಿನಲ್ಲಿ ಒಂದೆಡೆ ಸಿಮೆಂಟು, ಇನ್ನೊಂದೆಡೆ ಬರೀ ಮರಳು. ಒಣಸೊಪ್ಪಿಗೆ ಸಿಂಪಡಿಸಿದ ಈ ರಾಸಾಯನಿಕವೂ ಹಾಗೆಯೇ: ಒಂದು ಚಿಟಿಕೆಯಿಂದ ಏನೂ ಆಗದು, ಅದೇ ಪೊಟ್ಟಣದ ಇನ್ನೊಂದು ಚಿಟಿಕೆ ಜೀವ ತೆಗೆದೀತು.

ಇದಕ್ಕೆ ನಿರ್ದಿಷ್ಟ ಮದ್ದಿಲ್ಲ. ಸಾಮಾನ್ಯ ಮೂತ್ರಪರೀಕ್ಷೆಯಲ್ಲೂ ಹೆಚ್ಚಾಗಿ ಸಿಗುವುದಿಲ್ಲ. ವೈದ್ಯರಿಗೆ ನಿಜ ಹೇಳುವುದೇ ದಾರಿ. ಆದ್ದರಿಂದ ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಒಂದು ನಿಯಮವಿರಲಿ: ಕುಸಿದುಬಿದ್ದ ವಿದ್ಯಾರ್ಥಿಗೆ ಮೊದಲು 108ರ ಆಂಬುಲೆನ್ಸ್, ವಿಚಾರಣೆ ಆಮೇಲೆ. ಸಂಗಡಿಗನಿಗಾಗಿ ಕೂಗಿ ಕರೆದ ಹುಡುಗನನ್ನು ಹೊರಹಾಕಬಾರದು. ಮಠದ ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಮಗು ಉಳಿಯದು. ಮಗುವನ್ನು ಉಳಿಸದ ಮರ್ಯಾದೆ ನಮಗೆ ಬೇಡ.