ದುರಸ್ತಿಯಾದ ಹಳೆಯ ಸರಕಿನ ಮೋಟಾರು: ಇಟ್ಟುಕೊಳ್ಳುವುದೋ, ಮಾರುವುದೋ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಗಳ ದೊಡ್ಡ ಒಕ್ಕಲು ಮನೆತನಗಳಲ್ಲಿ ಹಿಂದೆ ಚಕ್ಕಡಿಯು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಸಣ್ಣ ಸರಕಿನ ಮೋಟಾರುಗಾಡಿಯು ಮಾಡುತ್ತಿರುವುದು. ಬೀಜ, ಗೊಬ್ಬರ, ಮೇವು, ಕಾಳಿನ ಚೀಲ, ಹಣ್ಣಿನ ಪೆಟ್ಟಿಗೆ ಎಲ್ಲವೂ ಅದರ ಮೇಲೆಯೇ ಸಾಗುವುವು. ೨೦೦೫ರಲ್ಲಿ ಟಾಟಾ ಏಸ್ ಗಾಡಿಯು ಮಾರಾಟಕ್ಕೆ ಬಂದ ತರುವಾಯ ಇಂಥ ವಾಹನಗಳು ಹಳ್ಳಿಗಳನ್ನೂ ಹೊಕ್ಕವು. ಅವುಗಳಲ್ಲಿ ಅನೇಕವು ಈಗ ಮುಪ್ಪಾಗಿವೆ. ಎಂಜಿನ್ನು ಬಿಚ್ಚಿಸಿ, ಗೇರುಪೆಟ್ಟಿಗೆಯನ್ನು ಬದಲಿಸಿ, ಎಂಬತ್ತು ಸಾವಿರವೋ ಲಕ್ಷವೋ ತೆತ್ತು ಗ್ಯಾರೇಜಿನಿಂದ ಗಾಡಿಯನ್ನು ಹೊರಗೆ ತಂದ ಯಜಮಾನರು, ಇನ್ನು ಇದನ್ನು ಇಟ್ಟುಕೊಳ್ಳುವುದು ಲೇಸೋ ಮಾರುವುದು ಲೇಸೋ ಎಂದು ನಮ್ಮನ್ನು ಕೇಳುವುದುಂಟು. ಒಕ್ಕಲುತನದ ಲೆಕ್ಕದಲ್ಲಿ ಇದೂ ಒಂದು ಬಾಬಾದುದರಿಂದ ಈ ಪತ್ರಿಕೆಯಲ್ಲಿ ಅದರ ವಿಚಾರವು ಅನುಚಿತವಾಗಲಾರದು.

ಈ ಪ್ರಶ್ನೆಗೆ ಜನರು ಕೊಟ್ಟುಕೊಳ್ಳುವ ಉತ್ತರಗಳು ಎರಡು. “ಇಷ್ಟು ಹಣ ಸುರಿದ ಮೇಲೆ ಮಾರುವುದು ಹೇಗೆ?” ಎಂಬುದು ಒಂದು, “ಇಷ್ಟು ಹಣ ನುಂಗಿದ ಇದರ ಸಹವಾಸವೇ ಸಾಕು, ಹೊಸದನ್ನು ತರೋಣ” ಎಂಬುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಎರಡರ ದೋಷವೂ ಒಂದೇ. ಎರಡೂ ಗ್ಯಾರೇಜಿನ ಚೀಟಿಯನ್ನು ನೋಡಿ ಆಡಿದ ಮಾತುಗಳು. ಆ ಮೊಬಲಗು ಗಾಡಿಯನ್ನು ಇಟ್ಟುಕೊಂಡರೂ ಹಿಂದಿರುಗದು, ಮಾರಿದರೂ ಹಿಂದಿರುಗದು. ಆದಕಾರಣ ಮುಂದಿನ ನಿರ್ಣಯದಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ದುರಸ್ತಿಯಿಂದ ಗಾಡಿಯ ಬೆಲೆಯು ಎಷ್ಟು ಏರಿತೋ ಅಷ್ಟೇ ಲೆಕ್ಕಕ್ಕೆ ಬರತಕ್ಕದ್ದು. ಅದು ಖರ್ಚಿನ ಅರ್ಧವೂ ಇರುವುದು ಅಪರೂಪ.

ಎತ್ತಿನ ವಿಷಯದಲ್ಲಿ ನಮ್ಮ ಗೌಡರು ಹೀಗೆ ಎಂದೂ ತಪ್ಪುವುದಿಲ್ಲ. ಸಂತೆಯಲ್ಲಿ ಹಲ್ಲು ನೋಡುವರು, ಹೆಗಲು ನೋಡುವರು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುವರು. ಕಳೆದ ವರ್ಷ ಅದರ ಔಷಧಿಗೆ ಎಷ್ಟಾಯಿತೆಂದು ಕೇಳುವವರಿಲ್ಲ. ಮೋಟಾರಿನ ಎದುರಿಗೆ ಮಾತ್ರ ಆ ಜಾಣತನವು ಎಲ್ಲಿ ಅಡಗುವುದೋ ತಿಳಿಯದು.

ಇದಕ್ಕೆ ದೊಡ್ಡ ದೃಷ್ಟಾಂತವೊಂದು ನಮ್ಮ ಮುನಿರಾಬಾದಿನಲ್ಲಿಯೇ ಇದೆ. ೧೯೫೩ರಿಂದ ನೀರುಣಿಸುತ್ತ ಬಂದ ತುಂಗಭದ್ರಾ ಅಣೆಕಟ್ಟಿನ ೧೯ನೆಯ ದ್ವಾರದ ಸರಪಳಿಯು ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಡಾಗಿ ದ್ವಾರವೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ ಸುಮಾರು ಒಂದು ವಾರದಲ್ಲಿ ಅದನ್ನು ಮುಚ್ಚಲಾಯಿತು. ಆಮೇಲೆ ೩೩ ದ್ವಾರಗಳನ್ನೂ ಬದಲಿಸಬೇಕೆಂಬ ನಿರ್ಣಯವಾಯಿತು. ಹಲಗೆಗಳನ್ನಿಳಿಸಿದುದು ಆ ವರ್ಷದ ಬೆಳೆಯನ್ನುಳಿಸಲು. ದ್ವಾರಗಳನ್ನು ಬದಲಿಸುವುದು ಮುಂದಿನ ಕಾಲಕ್ಕಾಗಿ. ಹಲಗೆಗಳಿಗೆ ಇಷ್ಟು ವೆಚ್ಚವಾಗಿದೆ, ಆದಕಾರಣ ಹಳೆಯ ದ್ವಾರಗಳನ್ನೇ ಇಟ್ಟುಕೊಳ್ಳೋಣವೆಂಬ ವಾದವನ್ನು ಯಾವ ರೈತನು ಒಪ್ಪಿಯಾನು? ಹಾಗೆಯೇ, ಸುಗ್ಗಿಯ ನಡುವೆ ಗಾಡಿಯನ್ನು ರಿಪೇರಿ ಮಾಡಿಸಿದುದು ಸರಿಯಾಗಿದ್ದಿರಬಹುದು. ಸುಗ್ಗಿ ಮುಗಿದೊಡನೆ ಮಾರುವುದೂ ಸರಿಯಾಗಬಹುದು.

ಹಾಗಾದರೆ ಯಾವುದನ್ನು ಎಣಿಸಬೇಕು? ಒಂದು ಉದಾಹರಣೆಯನ್ನು ಹಿಡಿಯೋಣ. ಅಂಕಿಗಳು ಊಹೆಯವು, ತಮ್ಮ ಊರಿನವನ್ನು ಅಲ್ಲಿ ಹಾಕಿಕೊಳ್ಳಬೇಕು. ದುರಸ್ತಿಯಾದ ಗಾಡಿಯು ಇಂದು ೧,೪೦,೦೦೦ ರೂಪಾಯಿಗೆ, ಬರುವ ವರ್ಷ ೧,೧೫,೦೦೦ಕ್ಕೆ ಹೋಗಬಹುದೆನ್ನೋಣ. ಇಳಿಯುವ ಬೆಲೆ ೨೫,೦೦೦. ಆ ಹಣವನ್ನು ಠೇವಣಿಯಲ್ಲಿಟ್ಟಿದ್ದರೆ ನೂರಕ್ಕೆ ೮ರಂತೆ ಬರಬಹುದಾದ ಬಡ್ಡಿ ಸುಮಾರು ೧೧,೦೦೦. ವಿಮೆ, ತೆರಿಗೆ, ಅರ್ಹತಾಪತ್ರಗಳಿಗೆ ೨೫,೦೦೦. ಮುಂದಿನ ರಿಪೇರಿ, ಟಾಯರುಗಳಿಗೆ ೩೫,೦೦೦. ಒಟ್ಟು ೯೬,೦೦೦. ಗಾಡಿಯು ಅಂಗಳದಿಂದ ಕದಲದಿದ್ದರೂ ಇದರ ಬಹುಭಾಗವು ತಪ್ಪದು. ಇನ್ನು ಒಂದು ಸಾರೆ ಪೇಟೆಗೆ ಹೋಗಿಬರಲು ಸ್ವಂತ ಗಾಡಿಗೆ ಡೀಸೆಲ್ಲು, ಚಾಲಕನ ಕೂಲಿ ಸೇರಿ ೯೦೦ ರೂಪಾಯಿ, ಬಾಡಿಗೆಯ ಗಾಡಿಗೆ ೨,೫೦೦ ಎಂದಿಟ್ಟುಕೊಂಡರೆ, ಪ್ರತಿ ಸಾರೆಗೆ ಉಳಿತಾಯ ೧,೬೦೦. ವರ್ಷಕ್ಕೆ ೬೦ ಸಾರೆ ಓಡಿದರೆ ೯೬,೦೦೦ ಸರಿದೂಗುವುದು. ಅದಕ್ಕಿಂತ ಕಡಿಮೆ ಓಡುವವರಿಗೆ ಮಾರಿ ಬಾಡಿಗೆಗೆ ತರುವುದೇ ಲಾಭ.

ಹೊಸ ಗಾಡಿಯ ಲೆಕ್ಕವನ್ನೂ ನೋಡೋಣ. ಏಳು ಲಕ್ಷದ ಗಾಡಿಗೆ ಬಡ್ಡಿ ೫೬,೦೦೦, ಇಳಿಯುವ ಬೆಲೆ ೯೦,೦೦೦, ವಿಮೆ ಮೊದಲಾದುವು ೩೬,೦೦೦, ರಿಪೇರಿ ೧೦,೦೦೦. ಒಟ್ಟು ೧,೯೨,೦೦೦, ಎಂದರೆ ಹಳೆಯದರ ಎರಡರಷ್ಟು. ಅದು ಸರಿದೂಗಲು ೧೨೦ ಸಾರೆ ಓಡಬೇಕು. “ಹಳೆಯದು ರಿಪೇರಿಗೇ ತಿನ್ನುತ್ತದೆ” ಎಂದು ಹೊಸದಕ್ಕೆ ಸಾಲ ಮಾಡುವವರು ಈ ಅಂತರವನ್ನು ಗಮನಿಸುವುದಿಲ್ಲ. ಹೊಸ ಗಾಡಿಯು ರಿಪೇರಿಯನ್ನು ಕೇಳದಿದ್ದರೂ ಕಂತನ್ನು ತಿಂಗಳು ತಪ್ಪದೆ ಕೇಳುವುದು.

ಆದುದರಿಂದ ಎಲ್ಲ ತಾಲ್ಲೂಕುಗಳಿಗೂ ಒಂದೇ ಉತ್ತರವಿಲ್ಲ. ಯಲಬುರ್ಗಾದ ಎರೆಯಲ್ಲಿ ಜೋಳ, ಕಡಲೆ ಬೆಳೆಯುವ ಯಜಮಾನರಿಗೆ ಗಾಡಿಯ ನಿಜವಾದ ಕೆಲಸವು ಬಿತ್ತಿಗೆಯಲ್ಲಿ ಕೆಲವು ದಿನ, ರಾಶಿಯಲ್ಲಿ ಕೆಲವು ದಿನ. ಅವರಲ್ಲಿ ಅನೇಕರು ೬೦ ಸಾರೆಯನ್ನು ಮುಟ್ಟಲಾರರೆಂದು ನಮ್ಮ ಅಭಿಪ್ರಾಯ. ನಾಲ್ಕು ಮನೆಯವರು ಕೂಡಿ ಒಂದು ಗಾಡಿಯನ್ನಿಟ್ಟುಕೊಂಡರೆ ಮಾತು ಬೇರೆ. ಆದರೆ ಕೂಡು ಗಾಡಿಯ ರಿಪೇರಿಯನ್ನು ಯಾರು ತೆರಬೇಕೆಂಬ ಜಗಳವನ್ನು ಮೊದಲೇ ಕಾಗದದ ಮೇಲೆ ತೀರಿಸಿಕೊಳ್ಳತಕ್ಕದ್ದು. ಗಂಗಾವತಿಯ ನೀರಾವರಿಯಲ್ಲಿ ಭತ್ತದ ರಾಶಿಯನ್ನು ಲಾರಿ, ಟ್ರ್ಯಾಕ್ಟರುಗಳು ಒಯ್ಯುವುವಾದರೂ ಗೊಬ್ಬರ, ಔಷಧಿ, ಚೀಲಗಳ ಓಡಾಟವು ಬಿಡುವಿಲ್ಲದ್ದು. ಎರಡು ಬೆಳೆಯ ವರ್ಷ ಅಲ್ಲಿ ಹಳೆಯ ಗಾಡಿಯು ತನ್ನ ಅನ್ನವನ್ನು ತಾನೇ ದುಡಿಯುವುದು. ಕಾಲುವೆಗೆ ಎರಡನೆಯ ನೀರು ಬಾರದ ವರ್ಷ ಲೆಕ್ಕವನ್ನು ಮರಳಿ ಹಾಕಬೇಕು.

ಕುಷ್ಟಗಿಯ ಮಸಾರಿಯಲ್ಲಿ ತೋಟಮಾಡಿದವರ ಸಂಗತಿಯು ಇನ್ನೊಂದು ಬಗೆಯದು. ಮಾಲು ತುಂಬಿದ ಗಾಡಿಯು ಹೆದ್ದಾರಿಯಲ್ಲಿ ಕೆಟ್ಟು ನಿಂತರೆ ದಾಳಿಂಬೆಯು ಕೆಲವು ದಿನ ತಾಳೀತು, ಟೊಮೇಟೊ ತಾಳದು. ಅಂಥವರು ವರ್ಷಕ್ಕೆ ಎಷ್ಟು ಸಾರೆ ಗಾಡಿಯು ದಾರಿಯಲ್ಲಿ ನಿಂತಿತು, ಪ್ರತಿ ಸಾರೆ ಎಷ್ಟು ಮಾಲು ಹಾಳಾಯಿತು ಎಂಬುದನ್ನೂ ಕೂಡಿಸಬೇಕು. ಹೊಸ ಗಾಡಿಗೆ ಹೆಚ್ಚಾಗಿ ತೆರುವ ೯೬,೦೦೦ವು ಈ ನಷ್ಟಕ್ಕಿಂತ ಕಡಿಮೆಯಾಗಿದ್ದರೆ ಹೊಸದೇ ಯೋಗ್ಯವು.

ಇಷ್ಟೆಲ್ಲವೂ ಗಾಡಿಯ ಮೂಳೆಯು ಗಟ್ಟಿಯಾಗಿದ್ದಲ್ಲಿ ಮಾತ್ರ. ಎಂಜಿನ್ನು ಕೆಟ್ಟರೆ ಹೊಸದಾಗಿಸಬಹುದು. ಚಾಸಿ ತುಕ್ಕುಹಿಡಿದರೆ ಬಣ್ಣ ಬಳಿಯಬಹುದಲ್ಲದೆ ಮತ್ತೇನೂ ಆಗದು. ಯೂರಿಯಾ, ಪೊಟ್ಯಾಷ್ ಮುಂತಾದ ರಾಸಾಯನಿಕ ಗೊಬ್ಬರಗಳು ಚೀಲದಿಂದ ಸೋರಿ ಹಲಗೆಯ ಸಂದಿನಲ್ಲಿ ಕೂತು, ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತವೆ. ಗೊಬ್ಬರ ಹೇರಿದ ದಿನವೇ ತೊಳೆಯುವ ರೂಢಿಯು ನಮ್ಮಲ್ಲಿ ಕಡಿಮೆ. ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಿಂದ ಬಡಿದು ನೋಡಿರಿ. ಪದರುಪದರಾಗಿ ಉದುರಿದರೆ ಎಂಜಿನ್ನು ಎಷ್ಟೇ ಹೊಸದಾಗಿದ್ದರೂ ಆ ಗಾಡಿಯನ್ನು ಹೊಲಕ್ಕೂ ಒಯ್ಯಬಾರದು, ಮತ್ತೊಬ್ಬನಿಗೆ ಓಡಿಸಲೆಂದು ಮಾರಲೂಬಾರದು, ಗುಜರಿಗೇ ಕೊಡಬೇಕು. ನಾಟಿಯ ಕಾಲಕ್ಕೆ ಹೆಣ್ಣಾಳುಗಳನ್ನು ಇಂಥವುಗಳಲ್ಲಿ ನಿಲ್ಲಿಸಿಕೊಂಡು ಒಯ್ಯುವುದನ್ನು ದಿನವೂ ಕಾಣುತ್ತೇವೆ. ಸರಕಿನ ಗಾಡಿಯಲ್ಲಿ ಆಳುಗಳನ್ನು ಹೇರುವುದು ಕಾನೂನಿಗೆ ವಿರುದ್ಧ. ಅದರಲ್ಲಿಯೂ ಬ್ರೇಕು ಸಡಿಲಾದ ಮುದಿ ಗಾಡಿಯಲ್ಲಿ ಹೇರುವುದಕ್ಕೆ ಯಾವ ಉಳಿತಾಯದ ಲೆಕ್ಕವೂ ಸಮಾಧಾನವಾಗದು. ಊರಿನ ಹಿರಿಯರು ಇದನ್ನು ಕಂಡಲ್ಲಿ ತಡೆಯಬೇಕು.

ಮಾರುವುದೆಂದು ನಿರ್ಣಯವಾದ ಮೇಲೆ ತಡಮಾಡಬಾರದು. ಬಾಡಿಗೆಗೆ ಓಡುವ ಸರಕಿನ ವಾಹನಗಳಿಗೆ ಎಂಟು ವರ್ಷದ ತರುವಾಯ ಅರ್ಹತಾಪತ್ರವನ್ನು ವರ್ಷಕ್ಕೊಮ್ಮೆ ಪಡೆಯಬೇಕು. ೧೫ ವರ್ಷ ದಾಟಿದವುಗಳಿಗೆ ಅದರ ಶುಲ್ಕವು ೨೦೨೨ರ ಏಪ್ರಿಲ್‌ನಿಂದ ಬಹಳ ಏರಿದೆ. ಪತ್ರದ ಅವಧಿಯು ಇನ್ನೂ ಕೆಲವು ತಿಂಗಳಿರುವಾಗ, ಸುಗ್ಗಿಗೆ ಮುಂಚೆ, ಕೊಳ್ಳುವವರು ಹುಡುಕಿಕೊಂಡು ಬರುವಾಗ ಕೊಡುವುದು ಒಳಿತು.

ಕೀಲಿಕೈ ಕೊಟ್ಟು ಹಣ ಎಣಿಸಿಕೊಂಡರೆ ಮಾರಾಟವು ಮುಗಿಯಿತೆಂದು ನಮ್ಮಲ್ಲಿ ಹಲವರು ತಿಳಿದಿರುವರು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದೂ, ಅಪಘಾತವಾದಲ್ಲಿ ಪರಿಹಾರದ ಹೊಣೆಯು ಅವರ ಮೇಲೆಯೇ ಬರುವುದೆಂದೂ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ತೀರ್ಪಿತ್ತಿದೆ. ಗಾಡಿಯು ನಾಲ್ಕು ಕೈ ಬದಲಾಯಿಸಿದ್ದರೂ ಇದು ತಪ್ಪದು. ಆದಕಾರಣ ಕೊಂಡವನೊಡನೆ ತಾವೇ ಸಾರಿಗೆ ಕಚೇರಿಗೆ ಹೋಗಿ, ಮಾರಿದ ೧೪ ದಿನಗಳೊಳಗೆ ವರ್ಗಾವಣೆಯ ವರದಿಯನ್ನು ಕೊಟ್ಟು, ಅದರ ಸ್ವೀಕೃತಿಯನ್ನು ಹೊಲದ ಪಹಣಿಯೊಡನೆಯೇ ಕಾಪಾಡಿ ಇಟ್ಟುಕೊಳ್ಳತಕ್ಕದ್ದು. ಗಾಡಿಯು ಹೊರರಾಜ್ಯಕ್ಕೆ ಹೋಗುವುದಾದರೆ ನಿರಾಕ್ಷೇಪಣಾ ಪತ್ರವೂ ಬೇಕು. ಸಾಲದಲ್ಲಿ ಕೊಂಡುದಾದರೆ ಬ್ಯಾಂಕಿನ ಹೆಸರನ್ನು ನೋಂದಣಿ ಪುಸ್ತಕದಿಂದ ಮೊದಲು ತೆಗೆಸಬೇಕು.