ಲೈಸೆನ್ಸ್ ಅಮಾನತು: ನೋಟೀಸಿಗೆ ಉತ್ತರ ಬರೆಯುವವರು ಯಾರು?

ಕೊಪ್ಪಳ ಜಿಲ್ಲೆಯ ಹುಲಿಹೈದರ ಎಂಬ ಊರಿನ ಹೆಸರು ರಾಜ್ಯದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಎರಡು ಗುಂಪುಗಳ ನಡುವೆ ಘರ್ಷಣೆ ನಡೆದು ಎರಡು ಜೀವಗಳು ಹೋದವು. ಆಗ ಆ ಊರಿನತ್ತ ಧಾವಿಸಿದ ಕ್ಯಾಮೆರಾಗಳು ಕೆಲವೇ ದಿನಗಳಲ್ಲಿ ಹಿಂತಿರುಗಿದವು. ಅಷ್ಟಕ್ಕೂ ರಕ್ತ ಹರಿಯದ ದಿನಗಳಲ್ಲಿ ಇಂತಹ ಊರುಗಳ ಜನರು ಹೇಗೆ ಬದುಕುತ್ತಾರೆ, ಯಾವ ಕಾಗದದ ಎದುರು ಕಂಗಾಲಾಗುತ್ತಾರೆ ಎಂಬುದು ಯಾರಿಗೂ ಸುದ್ದಿಯಲ್ಲ. ನಾವು ಈ ವಾರ ಬರೆಯಹೊರಟಿರುವುದು ಅಂತಹ ಒಂದು ಕಾಗದದ ಬಗ್ಗೆ. ಅದು ಸಾರಿಗೆ ಇಲಾಖೆಯಿಂದ ಬರುವ ನೋಟೀಸು. ‘ನಿಮ್ಮ ಚಾಲನಾ ಪರವಾನಗಿಯನ್ನು ಏಕೆ ಅಮಾನತು ಮಾಡಬಾರದು?’ ಎಂದು ಅದು ಕೇಳುತ್ತದೆ.

ಒಬ್ಬ ಚಾಲಕನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹುಲಿಹೈದರದವನೇ ಆಗಿರಲಿ, ಕನಕಗಿರಿಯವನೋ ಕುಷ್ಟಗಿಯವನೋ ಆಗಿರಲಿ. ಸಾಲ ಮಾಡಿ ಕೊಂಡ ಟಾಟಾ ಏಸ್ ಅವನ ಹೊಲವೂ ಹೌದು, ಅಂಗಡಿಯೂ ಹೌದು. ಭತ್ತದ ನಾಟಿ ಶುರುವಾದರೆ ಗಂಗಾವತಿಯ ಕಡೆಗೆ ಕೂಲಿಯ ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಾನೆ, ಮದುವೆಯ ದಿನಗಳಲ್ಲಿ ದಿಬ್ಬಣವನ್ನು. ಒಂದು ದಿನ ದಾರಿಯಲ್ಲಿ ಪೊಲೀಸರು ತಡೆಯುತ್ತಾರೆ. ಸರಕು ಸಾಗಿಸುವ ವಾಹನದಲ್ಲಿ ಜನರನ್ನು ತುಂಬಿದ್ದಕ್ಕೆ ಪ್ರಕರಣ ದಾಖಲಾಗುತ್ತದೆ. ಅವನು ದಂಡ ಕಟ್ಟಿ, ರಸೀದಿಯನ್ನು ಜೇಬಿಗಿಟ್ಟು, ವಿಷಯ ಮುಗಿಯಿತೆಂದು ಮನೆಗೆ ಬರುತ್ತಾನೆ. ಕೆಲವು ವಾರಗಳ ಬಳಿಕ ನೋಟೀಸು ಬರುತ್ತದೆ. ಆಗ ಅವನು ಮಾಡುವುದೇನು? ಮೊದಲು ಆರ್‌ಟಿಒ ಕಚೇರಿಯ ಎದುರಿನ ಏಜೆಂಟನ ಬಳಿಗೆ ಹೋಗುತ್ತಾನೆ. ಅಲ್ಲಿ ಆಗದಿದ್ದರೆ ಊರಿನ ಪುಢಾರಿಯ ಬಳಿಗೆ. ಅಲ್ಲಿಯೂ ಆಗದಿದ್ದರೆ ನೋಟೀಸನ್ನು ಮಡಚಿ ಪೆಟ್ಟಿಗೆಯೊಳಗಿಟ್ಟು ಗಾಡಿ ಓಡಿಸುವುದನ್ನು ಮುಂದುವರಿಸುತ್ತಾನೆ. ವಕೀಲರೆಂದರೆ ಅವನ ಪಾಲಿಗೆ ಕೊಲೆ ಮತ್ತು ಜಮೀನಿನ ತಂಟೆಗೆ ಬೇಕಾದವರು.

ನಮ್ಮ ಸಮುದಾಯದಲ್ಲಿ ಇಂತಹ ಚಾಲಕರ ಸಂಖ್ಯೆ ಸಣ್ಣದಲ್ಲ. ಮುಸ್ಲಿಮರು ನಿಶ್ಚಿತ ಸಂಬಳದ ಉದ್ಯೋಗಕ್ಕಿಂತ ಸ್ವಯಂ ಉದ್ಯೋಗವನ್ನೇ ಹೆಚ್ಚು ನೆಚ್ಚಿಕೊಂಡಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ನಮ್ಮ ಪಟ್ಟಣಗಳ ಮುಸ್ಲಿಮ್ ಮೊಹಲ್ಲಾಗಳಿಗೆ ಹೋದರೆ ಸಾಕು, ವರದಿಯನ್ನು ಓದಬೇಕಾಗಿಲ್ಲ. ಆಟೋ, ಟಂಟಂ, ಲಾರಿ, ಗ್ಯಾರೇಜು, ಪಂಕ್ಚರ್ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿ ಲೈಸೆನ್ಸ್ ಎಂಬುದು ಬರೇ ಗುರುತಿನ ಚೀಟಿಯಲ್ಲ. ಮೂರು ತಿಂಗಳ ಅಮಾನತು ಎಂದರೆ ಮೂರು ತಿಂಗಳ ಬಾಡಿಗೆ, ಮೂರು ಕಂತು ಸಾಲ, ಮಕ್ಕಳ ಶಾಲಾ ಶುಲ್ಕ. ಸರಕಾರಿ ನೌಕರನನ್ನು ಅಮಾನತು ಮಾಡಿದರೆ ಅವನಿಗೆ ಜೀವನಾಧಾರ ಭತ್ಯೆ ಸಿಗುತ್ತದೆ. ಚಾಲಕನಿಗೆ ಏನು ಸಿಗುತ್ತದೆ?

ಹಾಗಂತ ತಪ್ಪನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ. ಸರಕು ವಾಹನದಲ್ಲಿ ಜನರನ್ನು ತುಂಬುವುದು ಬಡತನದ ಅನಿವಾರ್ಯತೆ ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ಅಂತಹ ವಾಹನ ಉರುಳಿದರೆ ಸಾಯುವುದು ಬಡವರೇ. ಸರಕು ವಾಹನದಲ್ಲಿ ಹೀಗೆ ಪ್ರಯಾಣಿಕರಾಗಿ ಕುಳಿತವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಂದರೆ ನಾಟಿಗೆ ಹೋದ ತಾಯಿ ಹೆಣವಾಗಿ ಬಂದರೂ ಅವಳ ಮಕ್ಕಳಿಗೆ ವಿಮೆಯ ಹಣ ಸಿಗದೇ ಹೋಗಬಹುದು. 2014ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯು 2015ರ ಆಗಸ್ಟ್‌ನಲ್ಲಿ ಎಲ್ಲ ರಾಜ್ಯಗಳಿಗೂ ಒಂದು ನಿರ್ದೇಶನ ಕೊಟ್ಟಿತು. ಅತಿವೇಗ, ಕೆಂಪು ದೀಪದ ಉಲ್ಲಂಘನೆ, ಸರಕಿನ ಅತಿಭಾರ, ಸರಕು ವಾಹನದಲ್ಲಿ ಜನರ ಸಾಗಾಟ, ಕುಡಿದು ಚಾಲನೆ, ಚಾಲನೆಯ ವೇಳೆ ಮೊಬೈಲ್ ಬಳಕೆ - ಇವುಗಳಿಗೆ ದಂಡವಷ್ಟೇ ಸಾಲದು, ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕು ಎಂದು. ನಮ್ಮ ಚಾಲಕನ ಮನೆಗೆ ನೋಟೀಸು ಬಂದದ್ದರ ಮೂಲ ಇದು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ ದೇಶವಿಡೀ ಚರ್ಚೆಯಾದದ್ದು ದಂಡದ ಮೊತ್ತ. ಹೆಲ್ಮೆಟ್ ಧರಿಸದಿದ್ದರೆ 1000 ರೂಪಾಯಿ ಎಂದಾಗ ಜನರು ಸಿಟ್ಟಾದರು, ಕರ್ನಾಟಕ ಸರಕಾರ ಅದನ್ನು 500ಕ್ಕೆ ಇಳಿಸಿತು, ಜನರು ಸಮಾಧಾನಗೊಂಡರು. ಆದರೆ ಅದೇ ಕಲಮಿನಲ್ಲಿ 3 ತಿಂಗಳ ಲೈಸೆನ್ಸ್ ಅನರ್ಹತೆಯೂ ಇದೆ ಎಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ. 2020ರ ಅಕ್ಟೋಬರ್‌ನಲ್ಲಿ ರಾಜ್ಯದ ಸಾರಿಗೆ ಇಲಾಖೆ ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲು ಆದೇಶಿಸಿದಾಗಲೇ ಅನೇಕರಿಗೆ ವಿಷಯ ತಿಳಿದದ್ದು. ಬೈಕಿನಲ್ಲಿ ಮೂವರು ಕುಳಿತು ಹೋದರೂ ಇದೇ ಗತಿ. ರಮಝಾನಿನ ರಾತ್ರಿಗಳಲ್ಲಿ, ಹಬ್ಬದ ದಿನಗಳಲ್ಲಿ ಹೆಲ್ಮೆಟ್ ಇಲ್ಲದೆ ಮೂವರು ನಾಲ್ವರು ಒಂದೇ ಬೈಕಿನಲ್ಲಿ ಸುತ್ತುವ ನಮ್ಮ ಮಕ್ಕಳ ಹೆತ್ತವರು ಈ ಸಾಲುಗಳನ್ನು ಎರಡು ಬಾರಿ ಓದಲಿ.

ಈಗ ಕಾನೂನಿನ ಇನ್ನೊಂದು ಮುಖವನ್ನು ನೋಡೋಣ. ಏಜೆಂಟರು ಹೇಳದ, ಕಚೇರಿಗಳು ಹೇಳಲು ಆಸಕ್ತಿ ತೋರದ ಮುಖ ಇದು. ಲೈಸೆನ್ಸ್ ಅಮಾನತು ಮಾಡುವ ಅಧಿಕಾರ ದಾರಿಯಲ್ಲಿ ನಿಂತ ಪೊಲೀಸನಿಗೆ ಇಲ್ಲ. ಕೆಲವು ನಿರ್ದಿಷ್ಟ ಅಪರಾಧಗಳಲ್ಲಿ ಅವನು ಲೈಸೆನ್ಸನ್ನು ವಶಪಡಿಸಿಕೊಂಡು ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒಗೆ, ಕಳುಹಿಸಬಹುದು. ತೀರ್ಮಾನ ಆರ್‌ಟಿಒದ್ದು. 2022ರಲ್ಲಿ ಕಲ್ಕತ್ತಾ ಹೈಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆರ್‌ಟಿಒ ಕೂಡ ಮನಬಂದಂತೆ ತೀರ್ಮಾನಿಸುವಂತಿಲ್ಲ. ಕಾಯ್ದೆಯ 19ನೇ ಕಲಮಿನ ಪ್ರಕಾರ ಚಾಲಕನ ಮಾತನ್ನು ಆಲಿಸಬೇಕು, ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು. ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಚಾಲಕನಿಗಿದೆ. ಹೊಸ ತಿದ್ದುಪಡಿಯಂತೆ ಪೊಲೀಸರು ಕಳುಹಿಸಿದ ಪ್ರಕರಣದಲ್ಲಿ ಆರ್‌ಟಿಒ ಚಾಲಕನನ್ನು ದೋಷಮುಕ್ತಗೊಳಿಸಲೂಬಹುದು. ಹೌದು, ದೋಷಮುಕ್ತ! ಆದರೆ ನೋಟೀಸು ಪೆಟ್ಟಿಗೆಯಲ್ಲಿದ್ದರೆ ದೋಷಮುಕ್ತಗೊಳಿಸುವುದು ಯಾರನ್ನು? ಚಾಲಕ ಹಾಜರಾಗದ ವಿಚಾರಣೆಯಲ್ಲಿ ಮಾತನಾಡುವುದು ಪೊಲೀಸ್ ವರದಿ ಮಾತ್ರ.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಬಹಳ ಮಂದಿ ಎಡವುವುದು ಇಲ್ಲೇ. ಲೈಸೆನ್ಸ್ ಕಸಿದುಕೊಂಡಾಗ ಪೊಲೀಸರು ಒಂದು ತಾತ್ಕಾಲಿಕ ಸ್ವೀಕೃತಿ ಚೀಟಿಯನ್ನು ಕೊಡುತ್ತಾರೆ. ಹಿಂದಿನಿಂದಲೂ ಇರುವ ಕ್ರಮದಲ್ಲಿ, ಆರೋಪಿ ತಲೆಮರೆಸಿಕೊಳ್ಳಬಹುದೆಂದು ಲೈಸೆನ್ಸನ್ನು ಇಟ್ಟುಕೊಂಡಾಗ, ಆ ಚೀಟಿಯೇ ಲೈಸೆನ್ಸಿನ ಕೆಲಸ ಮಾಡುತ್ತದೆ. ಆದರೆ 2019ರ ಬಳಿಕ ಅತಿವೇಗ, ಅಪಾಯಕಾರಿ ಚಾಲನೆ, ಕುಡಿತ, ಹೆಲ್ಮೆಟ್, ಮೂವರ ಸವಾರಿ ಮುಂತಾದ ಪ್ರಕರಣಗಳಲ್ಲಿ ಅಮಾನತಿಗಾಗಿ ಕಳುಹಿಸಿದ ಲೈಸೆನ್ಸಿಗೆ ಕೊಡುವ ಚೀಟಿಯಿಂದ ವಾಹನ ಓಡಿಸುವಂತಿಲ್ಲ. ಚೀಟಿ ಇದೆ, ಇನ್ನೇನು ಭಯ ಎಂದು ಹೊರಟವನು ಹೊಸ ಅಪರಾಧಕ್ಕೆ ಸಿಕ್ಕಿಬೀಳುತ್ತಾನೆ. ಚೀಟಿ ಯಾವ ಕಲಮಿನ ಅಡಿಯಲ್ಲಿ ಕೊಟ್ಟದ್ದು ಎಂಬುದನ್ನು ಅಲ್ಲೇ ಕೇಳಿ ತಿಳಿದುಕೊಳ್ಳಬೇಕು.

ಅನರ್ಹತೆಯ ಅವಧಿಯಲ್ಲಿ ವಾಹನ ಓಡಿಸಿದರೆ 3 ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ. ಆದರೆ ನಮಗೆ ಹೆಚ್ಚು ಭಯ ಹುಟ್ಟಿಸುವುದು ಈ ದಂಡವಲ್ಲ. ಆ ಅವಧಿಯಲ್ಲಿ ಅಪಘಾತವಾದರೆ ಏನು? 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನೊಂದವರ ಪರ ನಿಂತಿತು. ಚಾಲಕನ ಲೈಸೆನ್ಸಿನಲ್ಲಿ ದೋಷವಿದೆಯೆಂಬ ಮಾತ್ರಕ್ಕೆ ವಿಮಾ ಕಂಪೆನಿ ಮೂರನೆಯವರಿಗೆ ಪರಿಹಾರ ಕೊಡದೆ ನುಣುಚಿಕೊಳ್ಳುವಂತಿಲ್ಲ ಎಂದಿತು. ಆದರೆ ವಾಹನದ ಒಡೆಯನು ಗೊತ್ತಿದ್ದೂ ನಿರ್ಲಕ್ಷ್ಯ ತೋರಿದ್ದನ್ನು ಕಂಪೆನಿ ಸಾಬೀತುಪಡಿಸಿದರೆ, ಕೊಟ್ಟ ಹಣವನ್ನು ಅವನಿಂದ ವಸೂಲು ಮಾಡಬಹುದು. ತನ್ನ ಲೈಸೆನ್ಸ್ ಅಮಾನತಾಗಿದೆ ಎಂದು ತಿಳಿದೂ ತನ್ನದೇ ಗಾಡಿ ಓಡಿಸಿದವನ ನಿರ್ಲಕ್ಷ್ಯವನ್ನು ಸಾಬೀತುಪಡಿಸುವುದು ಕಷ್ಟವೇ? ಮೂರು ತಿಂಗಳ ದುಡಿಮೆ ಉಳಿಸಲು ಹೋದವನು ಇದ್ದ ಮನೆಯನ್ನೂ ಕಳಕೊಳ್ಳಬಹುದು. ಆ ಮೂರು ತಿಂಗಳು ಲೈಸೆನ್ಸ್ ಇರುವ ಅಣ್ಣನೋ ಅಳಿಯನೋ ಗಾಡಿ ಓಡಿಸಲಿ, ಅಥವಾ ಗಾಡಿಯನ್ನು ಬೇರೊಬ್ಬ ಚಾಲಕನ ಕೈಗೆ ಕೊಡಲಿ. ಹದಿನಾರು ವರ್ಷದ ಮಗನ ಕೈಗೆ ಮಾತ್ರ ಕೀಲಿ ಕೊಡಬಾರದು. ಹಾಗೆ ಕೊಟ್ಟ ಹೆತ್ತವರಿಗೂ ವಾಹನದ ಒಡೆಯನಿಗೂ ಕಾಯ್ದೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡವನ್ನು ಹೇಳಿದೆ, ವಾಹನದ ನೋಂದಣಿಯೂ ಒಂದು ವರ್ಷ ರದ್ದಾಗುತ್ತದೆ.

ಹಾಗಾದರೆ ನೋಟೀಸಿಗೆ ಉತ್ತರ ಬರೆಯುವವರು ಯಾರು? ನಮ್ಮ ಚಾಲಕನಿಗೆ ವಕೀಲರನ್ನಿಡುವ ಶಕ್ತಿ ಇಲ್ಲ ಎಂಬುದು ನಿಜ. ಆದರೆ ಆ ಶಕ್ತಿಯನ್ನು ಸರಕಾರವೇ ಒದಗಿಸಬೇಕೆಂದು ಸಂವಿಧಾನದ 39ಎ ವಿಧಿ ಹೇಳುತ್ತದೆ. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದ ಬಡ ಕೈದಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಚಿತ ಕಾನೂನು ನೆರವನ್ನು ನ್ಯಾಯೋಚಿತ ವಿಚಾರಣೆಯ ಭಾಗವೆಂದು ಸಾರಿತು. ಆ ಪ್ರಕರಣ ಇಂದಿಗೂ ಗುರುತಿಸಲ್ಪಡುವುದು ಹುಸೇನಾರಾ ಖಾತೂನ್ ಎಂಬ ಓರ್ವ ಬಡ ಮಹಿಳೆಯ ಹೆಸರಿನಿಂದ. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂತು, 1995ರ ನವೆಂಬರ್ 9ರಿಂದ ಜಾರಿಯಾಯಿತು. ಈ ಕಾಯ್ದೆಯನ್ನು ನಾವು ಕ್ರಿಮಿನಲ್ ಪ್ರಕರಣಗಳಿಗೆ ಮಾತ್ರ ಎಂದು ತಿಳಿದುಕೊಂಡಿದ್ದೇವೆ. ನಿಜವಾಗಿ ಕಾಯ್ದೆಯು ‘ನ್ಯಾಯಾಲಯ’ ಎಂಬ ಪದದೊಳಗೆ ಅರೆ ನ್ಯಾಯಿಕ ಅಧಿಕಾರ ಚಲಾಯಿಸುವ ಪ್ರಾಧಿಕಾರಗಳನ್ನೂ ಸೇರಿಸಿದೆ. ಚಾಲಕನ ಮಾತು ಕೇಳಿ, ಕಾರಣ ಬರೆದು ಆದೇಶ ಹೊರಡಿಸಬೇಕಾದ ಆರ್‌ಟಿಒ ಮಾಡುವ ಕೆಲಸ ಅಂತಹದೇ. ಆದ್ದರಿಂದ ಅಲ್ಲಿನ ವಿಚಾರಣೆಗೂ ನೆರವು ಕೇಳಬಹುದು.

ಯಾರು ಅರ್ಹರು? ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಎಲ್ಲ ಮಹಿಳೆಯರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರು - ಇವರ ಆದಾಯವನ್ನು ಯಾರೂ ಕೇಳುವುದಿಲ್ಲ. ಉಳಿದವರಲ್ಲಿ ಸರಕಾರ ನಿಗದಿಪಡಿಸಿದ ಮಿತಿಗಿಂತ ಕಡಿಮೆ ಆದಾಯವಿರುವವರು. ಹೆಚ್ಚಿನ ಟಂಟಂ ಚಾಲಕರು ಈ ಕೊನೆಯ ವರ್ಗಕ್ಕೆ ಸೇರುತ್ತಾರೆ. ಆದಾಯ ಪ್ರಮಾಣಪತ್ರಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಕಾಗಿಯೂ ಇಲ್ಲ. ಅರ್ಜಿದಾರನ ಪ್ರಮಾಣಪತ್ರಿಕೆಯನ್ನು, ಅಂದರೆ ಅಫಿಡವಿಟ್ಟನ್ನು, ಅವಿಶ್ವಾಸಕ್ಕೆ ಕಾರಣವಿಲ್ಲದಿದ್ದರೆ ಒಪ್ಪಿಕೊಳ್ಳಬಹುದೆಂದು ಕಾಯ್ದೆಯ 13ನೇ ಕಲಮು ಹೇಳುತ್ತದೆ. ಕೊಪ್ಪಳದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲೂಕು ನ್ಯಾಯಾಲಯಗಳಲ್ಲಿ ತಾಲೂಕು ಸೇವಾ ಸಮಿತಿಗಳಿವೆ. 15100 ಎಂಬ ಸಂಖ್ಯೆಗೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಇಷ್ಟೆಲ್ಲ ಇದ್ದೂ ಏಜೆಂಟನ ಬಾಗಿಲಲ್ಲೇ ಸಾಲು ಉದ್ದವಿದೆ ಎಂದಾದರೆ ಅದರಲ್ಲಿ ಸರಕಾರದ ತಪ್ಪೆಷ್ಟೋ ನಮ್ಮ ತಪ್ಪೂ ಅಷ್ಟೇ ಇದೆ.

ನಮ್ಮ ಜಮಾಅತ್ ಕಮಿಟಿಗಳು ಮಸೀದಿಗೆ ಬಣ್ಣ ಬಳಿಸುವುದರಲ್ಲಿ, ಮಿನಾರಕ್ಕೆ ದೀಪ ಹಾಕಿಸುವುದರಲ್ಲಿ ತೋರುವ ಉತ್ಸಾಹವನ್ನು ಜಮಾಅತಿನ ಓರ್ವ ಚಾಲಕನ ನೋಟೀಸನ್ನು ಓದಿ ಹೇಳುವುದರಲ್ಲಿ ತೋರಿಸಿವೆಯೇ? ಊರಲ್ಲಿ ಕಾನೂನು ಓದಿದ ಒಬ್ಬ ಯುವಕನೋ ಯುವತಿಯೋ ಇಲ್ಲದ ಪಟ್ಟಣ ಈಗ ಅಪರೂಪ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2009ರಲ್ಲೇ ಅರೆ ಕಾನೂನು ಸ್ವಯಂಸೇವಕರ ಯೋಜನೆಯನ್ನು ತಂದಿತು. ವಕೀಲರಲ್ಲದವರೂ ತರಬೇತಿ ಪಡೆದು ಅರ್ಜಿ ಬರೆಯಲು, ಸಮಿತಿಯ ಕಚೇರಿಗೆ ಕರೆದೊಯ್ಯಲು ನೆರವಾಗಬಹುದು. ಹುಲಿಹೈದರದಂತಹ ಊರಿನಿಂದ ಇಬ್ಬರು ಇದಕ್ಕೆ ಸೇರಿದರೆ, ಶುಕ್ರವಾರದ ನಮಾಝಿನ ಬಳಿಕ ಮಸೀದಿಯ ಹೊರಗೆ ಒಂದು ಮೇಜು ಹಾಕಿ ಕುಳಿತರೆ, ಅದರ ಪ್ರಯೋಜನ ನಮಗಷ್ಟೇ ಅಲ್ಲ. ಪಕ್ಕದ ಓಣಿಯ ನಾಯಕರ ಹುಡುಗನೂ ಅದೇ ಟಾಟಾ ಏಸ್ ಓಡಿಸುತ್ತಾನೆ, ಅವನ ಮನೆಗೂ ಅದೇ ನೋಟೀಸು ಬರುತ್ತದೆ. 2022ರ ಕಹಿಯನ್ನು ಉಂಡ ಊರಿನಲ್ಲಿ ಒಂದೇ ಮೇಜಿನ ಎದುರು ಇಬ್ಬರೂ ಕುಳಿತರೆ ಅದಕ್ಕಿಂತ ದೊಡ್ಡ ಶಾಂತಿ ಸಭೆ ಯಾವುದಿದೆ?

ಆ ಮೇಜಿನಲ್ಲಿ ಬರೆಯಬೇಕಾದ ಉತ್ತರ ದೊಡ್ಡ ಪಾಂಡಿತ್ಯದ್ದೇನೂ ಅಲ್ಲ. ಘಟನೆ ನಡೆದ ದಿನ ಮತ್ತು ಸ್ಥಳ, ಚಾಲಕ ಹೇಳುವ ನಿಜ ಸಂಗತಿ, ಇದು ಮೊದಲ ಪ್ರಕರಣವೇ ಎಂಬ ಮಾಹಿತಿ, ಕುಟುಂಬದ ಆಧಾರ ಇದೊಂದೇ ಎಂಬುದಕ್ಕೆ ದಾಖಲೆ, ಖುದ್ದು ಹಾಜರಾಗಿ ಮಾತಾಡಲು ಅವಕಾಶ ಬೇಕೆಂಬ ಕೋರಿಕೆ. ಸುಳ್ಳು ಬರೆಯಬಾರದು, ಬರೆದರೆ ಮುಂದಿನ ಮೇಲ್ಮನವಿಯೂ ಕೆಡುತ್ತದೆ. ಉತ್ತರದ ನಕಲಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳಬೇಕು. ದಂಡ ಕಟ್ಟಿದ ರಸೀದಿಯು ಅಮಾನತಿನಿಂದ ಪಾರು ಮಾಡುವುದಿಲ್ಲ ಎಂಬುದನ್ನೂ ಅಲ್ಲೇ ತಿಳಿಸಬೇಕು. 2023ರ ಫೆಬ್ರವರಿಯಲ್ಲಿ ಸರಕಾರ ಬಾಕಿ ಇ-ಚಲನ್ ದಂಡದಲ್ಲಿ ಶೇ. 50 ರಿಯಾಯಿತಿ ಕೊಟ್ಟಾಗ ಜನರು ಮುಗಿಬಿದ್ದು ಕಟ್ಟಿದರು. ದಂಡಕ್ಕೆ ರಿಯಾಯಿತಿ ಸಿಗಬಹುದು, 30 ದಿನಗಳ ಮೇಲ್ಮನವಿಯ ಗಡುವಿಗೆ ಹಾಗಲ್ಲ. ಲೈಸೆನ್ಸಿನಲ್ಲಿರುವ ವಿಳಾಸ ಮತ್ತು ಮೊಬೈಲ್ ಸಂಖ್ಯೆ ಹಳೆಯದಾಗಿದ್ದರೆ ನೋಟೀಸು ಬಂದದ್ದೇ ತಿಳಿಯದು. ಅದನ್ನು ಇಂದೇ ಸರಿಪಡಿಸಿಕೊಳ್ಳಲಿ.

ಸರಕಾರಕ್ಕೂ ಹೇಳುವುದಿದೆ. ದಂಡದ ಚೀಟಿಯನ್ನು ರಸ್ತೆಯಲ್ಲೇ ಯಂತ್ರದಿಂದ ಕಿತ್ತು ಕೊಡುವಷ್ಟು ಅದು ಮುಂದುವರಿದಿದೆ. ಆದರೆ ಚಾಲಕ ತನ್ನ ಮಾತು ಹೇಳಬೇಕಾದರೆ ಹುಲಿಹೈದರದಿಂದ ಕನಕಗಿರಿ, ಗಂಗಾವತಿ ದಾಟಿ ಕೊಪ್ಪಳಕ್ಕೆ ಹೋಗಬೇಕು. ಒಂದು ದಿನದ ದುಡಿಮೆಯನ್ನು ಬಿಟ್ಟು ಹೋದವನಿಗೆ ಸಾಹೇಬರು ಸಿಗದಿದ್ದರೆ ಇನ್ನೊಂದು ದಿನ. ಅಮಾನತಿನ ಅವಧಿ ಮುಗಿದ ಮೇಲೂ ಪುನಶ್ಚೇತನ ತರಬೇತಿ ಮುಗಿಸಿದರಷ್ಟೇ ಲೈಸೆನ್ಸ್ ಮರಳಿ ಕೊಡಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಆ ತರಬೇತಿಗೆ ಮತ್ತೆಷ್ಟು ದೂರ, ಮತ್ತೆಷ್ಟು ದಿನ? ಲೈಸೆನ್ಸ್ ನೀಡಲು ತಾಲೂಕು ಕೇಂದ್ರಗಳಲ್ಲಿ ಕ್ಯಾಂಪ್ ನಡೆಸುವುದು ಸಾರಿಗೆ ಇಲಾಖೆಗೆ ಹೊಸತಲ್ಲ. ಲೈಸೆನ್ಸ್ ಕೊಡಲು ಕನಕಗಿರಿಗೋ ಕುಷ್ಟಗಿಗೋ ಬರಬಲ್ಲ ಅಧಿಕಾರಿ, ಅದನ್ನು ಅಮಾನತು ಮಾಡುವ ಮುನ್ನ ಚಾಲಕನ ಮಾತು ಕೇಳಲು ತಿಂಗಳಿಗೊಮ್ಮೆ ಅಲ್ಲಿಗೇ ಬರಲಿ. ಅದೇ ದಿನ ತಾಲೂಕು ಕಾನೂನು ಸೇವಾ ಸಮಿತಿಯ ಓರ್ವ ವಕೀಲರು ಪಕ್ಕದ ಕುರ್ಚಿಯಲ್ಲಿರಲಿ. ಕೊಪ್ಪಳ ಜಿಲ್ಲೆಯ ಶಾಸಕರು ಯಾವ ಪಕ್ಷದವರೇ ಆಗಿರಲಿ, ಈ ಒಂದು ಬೇಡಿಕೆಯನ್ನು ಜಿಲ್ಲಾ ಸಭೆಯಲ್ಲಿ ಎತ್ತುತ್ತಾರೋ ಎಂದು ನಾವು ಕಾದು ನೋಡುತ್ತೇವೆ.